ಪ್ರಿಂಟ್‌ಮೇಕಿಂಗ್‌ನಲ್ಲಿ ಎಂವಿಎ ಮಾಡಲು ದುಡ್ಡು ಎಲ್ಲಿಂದ ಹೊಂದಿಸುವುದು?

ದಾವಣಗೆರೆ_ಗ್ರಾಫಿಕ್ಸ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿವಿಎ (ದೃಶ್ಯಕಲೆಯ ಪದವಿ) ಕೊನೆಯ ವರ್ಷದಲ್ಲಿದ್ದೇನೆ, ಗ್ರಾಫಿಕ್ಸ್ ವಿಭಾಗ, ಅಂದರೆ ಪ್ಲೇಟಿನಿಂದ ಚಿತ್ರ ಅಚ್ಚೊತ್ತುವ ಪ್ರಿಂಟ್‌ಮೇಕಿಂಗ್, ವಯಸ್ಸು 22. ಮುಂದೆ ಪ್ರಿಂಟ್‌ಮೇಕಿಂಗ್‌ನಲ್ಲೇ ಎಂವಿಎ ಅಥವಾ ಎಂಎಫ್‌ಎ, ಅಂದರೆ ಕಲೆಯ ಸ್ನಾತಕೋತ್ತರ ಪದವಿ ಮಾಡಬೇಕೆಂದಿದೆ. ಬರೋಡಾ, ಶಾಂತಿನಿಕೇತನ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಈ ಮೂರರ ಮೇಲೆ ಕಣ್ಣಿದೆ. ಸಿಗದಿದ್ದರೆ ಮೈಸೂರಿನ ಸರ್ಕಾರಿ ಕಲಾ ಕಾಲೇಜು ಕಾವಾ ಅಥವಾ ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಪ್ರವರ್ಗ 2ಎ, ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 96,000 ಎಂದಿದೆ.

ಕೇಳಬೇಕಾದ್ದು ಇಷ್ಟು. ಕಲೆ ಓದುವವರಿಗೇ ಎಂದು ಇರುವ ವಿದ್ಯಾರ್ಥಿವೇತನಗಳು ಯಾವುವು? ಹೊರರಾಜ್ಯಕ್ಕೆ ಹೋದರೆ ಇಲ್ಲಿನ ಸವಲತ್ತು ತಪ್ಪಿಹೋಗುತ್ತದೆಯೇ? ಫೀಗಿಂತ ಪ್ಲೇಟು, ಪೇಪರಿನ ಖರ್ಚೇ ಜಾಸ್ತಿ ಎನ್ನುತ್ತಾರೆ, ಅದನ್ನು ಲೆಕ್ಕ ಹಾಕುವುದು ಹೇಗೆ? ಜರ್ಮನಿಯಲ್ಲಿ ಫೀ ಇಲ್ಲ ಎನ್ನುವ ಮಾತು ನಿಜವೇ? ಕೊನೆಗೆ ಸಾಲ ಮಾಡುವುದೇ ಆದರೆ ಎಂವಿಎಗೆ ಬ್ಯಾಂಕಿನವರು ಕೊಡುತ್ತಾರೆಯೇ?

ಕಲಾಶಾಲೆ_ಕಚೇರಿ:

ಮೊದಲು ಒಂದು ಮಾತು. ನಮ್ಮಲ್ಲಿ ಬಹಳ ಮಕ್ಕಳು ಸೀಟು ಬಿಡುವುದು ದುಡ್ಡು ಮಂಜೂರಾಗದೆ ಅಲ್ಲ, ಮಂಜೂರಾದ ದುಡ್ಡು ತಡವಾಗಿ ಬಂದು. ಫೀ ಮತ್ತು ಹಾಸ್ಟೆಲ್ ಡಿಪಾಸಿಟ್ ಸೇರುವ ದಿನವೇ ಕಟ್ಟಬೇಕು, ಮೊದಲ ಪ್ಲೇಟು, ಪೇಪರು ಮೊದಲ ತಿಂಗಳಲ್ಲೇ ಬೇಕು. ಸರ್ಕಾರದ ವಿದ್ಯಾರ್ಥಿವೇತನ ಖಾತೆಗೆ ಬೀಳುವ ಹೊತ್ತಿಗೆ ಆ ಶೈಕ್ಷಣಿಕ ವರ್ಷದ ಬಹುಪಾಲು ಕಳೆದಿರುತ್ತದೆ. ಹಾಗಾಗಿ ಕೆಳಗೆ ಹೇಳುವ ಪ್ರತಿಯೊಂದಕ್ಕೂ ‘ಎಷ್ಟು’ ಎಂಬುದರ ಪಕ್ಕದಲ್ಲೇ ‘ಯಾವಾಗ’ ಎಂದೂ ಬರೆದಿಟ್ಟುಕೊಳ್ಳಿ. ಮೊದಲ ಆರು ತಿಂಗಳಿಗೆ ಬೇಕಾಗುವ ದುಡ್ಡು ಬೇರೆ ಕಡೆಯಿಂದ ಕೈಯಲ್ಲಿರಲೇಬೇಕು.

ನಿಮಗೆ ಹೊಂದುವ ದೊಡ್ಡ ಮೊತ್ತ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ರಾಷ್ಟ್ರೀಯ ಸ್ನಾತಕೋತ್ತರ ವಿದ್ಯಾರ್ಥಿವೇತನ. ತಿಂಗಳಿಗೆ 15,000 ರೂಪಾಯಿ, ವರ್ಷಕ್ಕೆ 10 ತಿಂಗಳು, ಎರಡು ವರ್ಷ. ಒಟ್ಟು 10,000 ಜನರಿಗೆ, ಅದರಲ್ಲಿ ಶೇ 30 ಹೆಣ್ಣುಮಕ್ಕಳಿಗೆ. ಆದಾಯ ಮಿತಿ ಇಲ್ಲ, ವಯಸ್ಸು 30 ದಾಟಿರಬಾರದು. ಆಯ್ಕೆ ಪದವಿಯ ಅಂಕದ ಮೇಲೆ. ಸ್ನಾತಕೋತ್ತರದ ಮೊದಲ ವರ್ಷಕ್ಕೆ ರೆಗ್ಯುಲರ್ ಆಗಿ ಸೇರಿದವರು ಮಾತ್ರ ಹಾಕಬಹುದು. ಎರಡನೇ ವರ್ಷದಲ್ಲಿ ನೆನಪಾದರೆ ಹೋಯಿತು. ಅರ್ಜಿ ಎನ್‌ಎಸ್‌ಪಿ, ಅಂದರೆ ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅದಕ್ಕೆ ಮೊದಲು ಒಂದು ಬಾರಿಯ ನೋಂದಣಿ, ಅಂದರೆ ಓಟಿಆರ್ ಸಂಖ್ಯೆ ಬೇಕು. ಇದನ್ನು ಸೀಟು ಸಿಗುವ ಮುನ್ನವೇ ಮಾಡಿಟ್ಟುಕೊಳ್ಳಬಹುದು.

ಇಲ್ಲಿ ಎಡವುವುದು ವಿದ್ಯಾರ್ಥಿಯಲ್ಲ, ಕಾಲೇಜು. ನೀವು ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಅವರ ಗಡುವು ಬೇರೆ ಇರುತ್ತದೆ. ಕಲಾ ಕಾಲೇಜುಗಳಲ್ಲಿ ಅರ್ಜಿದಾರರು ಒಬ್ಬರೋ ಇಬ್ಬರೋ ಇರುವುದರಿಂದ ಆ ಲಾಗಿನ್ ತೆರೆಯುವವರೇ ಇರುವುದಿಲ್ಲ. ಸೇರಿದ ವಾರವೇ ಕಚೇರಿಗೆ ಹೋಗಿ ‘ಎನ್‌ಎಸ್‌ಪಿ ನೋಡಲ್ ಅಧಿಕಾರಿ ಯಾರು?’ ಎಂದು ಕೇಳಿ, ಅರ್ಜಿಯ ಪ್ರಿಂಟ್ ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡನೆಯದು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ, ಆ ಸಚಿವಾಲಯದ ಸಂಸ್ಥೆ ಸಿಸಿಆರ್‌ಟಿ ನಡೆಸುತ್ತದೆ. ವಯಸ್ಸು 18ರಿಂದ 25. ತಿಂಗಳಿಗೆ 5,000, ಎರಡು ವರ್ಷ, ಆರಾರು ತಿಂಗಳಿಗೆ ಒಂದರಂತೆ 30,000ದ ನಾಲ್ಕು ಕಂತು. ಸಂಗೀತ, ನೃತ್ಯ, ರಂಗಭೂಮಿ, ಜನಪದ ಕಲೆಗಳ ಜತೆ ದೃಶ್ಯಕಲೆಯೂ ಇದೆ, ಅದರೊಳಗೆ ಗ್ರಾಫಿಕ್ಸ್ ಬರುತ್ತದೆ. ಷರತ್ತು: ಗುರು ಅಥವಾ ಸಂಸ್ಥೆಯಲ್ಲಿ ಕನಿಷ್ಠ 5 ವರ್ಷ ಕಲಿತಿರಬೇಕು. ಬಿವಿಎ 4 ವರ್ಷ ಮಾತ್ರ. ಆ ಒಂದು ವರ್ಷದ ಕೊರತೆಯಿಂದಲೇ ಒಳ್ಳೆಯ ಅರ್ಜಿಗಳು ಬಿದ್ದುಹೋಗುತ್ತವೆ. ಬಿವಿಎಗೆ ಮುಂಚೆ ನಿಮಗೆ ಚಿತ್ರಕಲೆ ಹೇಳಿಕೊಟ್ಟ ಮೇಷ್ಟ್ರೋ ಸಂಸ್ಥೆಯೋ ಇದ್ದರೆ ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ’ ಎಂದು ತಾರೀಖು ಹಾಕಿದ ಪ್ರಮಾಣಪತ್ರ ಈಗಲೇ ತೆಗೆದುಕೊಳ್ಳಿ. ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯ ಪ್ರಮಾಣಪತ್ರ ಪಾಸಾದದ್ದನ್ನು ಹೇಳುತ್ತದೆ, ಎಷ್ಟು ಕಾಲ ಕಲಿತಿರಿ ಎಂಬುದನ್ನು ಹೇಳುವುದಿಲ್ಲ.

ಅದೇ ಸಿಸಿಆರ್‌ಟಿಯ ಜೂನಿಯರ್ ಫೆಲೋಶಿಪ್ ತಿಂಗಳಿಗೆ 10,000, ಎರಡು ವರ್ಷ. ಆದರೆ ಅದು 25ರಿಂದ 40 ವಯಸ್ಸಿನವರಿಗೆ. ಎಂವಿಎ ಮುಗಿಯುವ ಹೊತ್ತಿಗೆ ನಿಮಗೆ ಸರಿಹೊಂದುತ್ತದೆ, ಈಗ ತಲೆ ಕೆಡಿಸಿಕೊಳ್ಳಬೇಡಿ.

ರಾಜ್ಯದ್ದು. ಮೈಸೂರು ಅಥವಾ ಬೆಂಗಳೂರಿನಲ್ಲೇ ಓದಿದರೆ ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್, ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ 10 ತಿಂಗಳ ನೆರವು. ಹಿಂದುಳಿದ ವರ್ಗಗಳ ಈ ಬಿಸಿಎಂ ಹಾಸ್ಟೆಲ್ ಎಂದರೆ ಮೂಗು ಮುರಿಯಬೇಡಿ. ಊಟ, ವಸತಿ ಎರಡೂ ತೀರಿದರೆ ತಿಂಗಳ ಖರ್ಚಿನಲ್ಲಿ ಉಳಿಯುವುದು ಸಾಮಗ್ರಿ ಮಾತ್ರ. ಮನೆಯಿಂದ ದುಡ್ಡು ಬರದ ವಿದ್ಯಾರ್ಥಿಗೆ ಇದು ಹೊರರಾಜ್ಯದ ದೊಡ್ಡ ಹೆಸರಿಗಿಂತ ಹೆಚ್ಚು ಕೆಲಸ ಮಾಡಲು ಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಕರ್ನಾಟಕ ಲಲಿತಕಲಾ ಅಕಾಡೆಮಿಯೂ ಕಲಾ ವಿದ್ಯಾರ್ಥಿಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆಯುತ್ತದೆ. ಪ್ರಕಟಣೆ ಪತ್ರಿಕೆಯಲ್ಲಿ ಬಂದ ಮೇಲೆ ಸಮಯ ಕಡಿಮೆ, ಕಲಾಕೃತಿಗಳ ಫೋಟೋ ಸಿದ್ಧವಾಗಿರಲಿ.

ಹೊರರಾಜ್ಯಕ್ಕೆ ಹೋದರೂ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಬೇಕಾದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯವೇ, ಓದುವ ರಾಜ್ಯವಲ್ಲ. ರೈಲು ಹತ್ತುವ ಮುನ್ನ ಜಿಲ್ಲಾ ಹಿಂದುಳಿದ ವರ್ಗಗಳ ಕಲ್ಯಾಣಾಧಿಕಾರಿ ಕಚೇರಿಗೆ ಒಮ್ಮೆ ಹೋಗಿ, ಹೊರರಾಜ್ಯದ ಕಾಲೇಜಿನಿಂದ ಯಾವ ಯಾವ ಪತ್ರ ಬೇಕೆಂದು ಬರೆಸಿಕೊಂಡು ಬನ್ನಿ. ಅಲ್ಲಿಂದ ಫೋನ್‌ನಲ್ಲಿ ಇದು ಬಗೆಹರಿಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ‘2ಎ’ ಪ್ರಮಾಣಪತ್ರ ಹೈದರಾಬಾದ್, ಶಾಂತಿನಿಕೇತನದಲ್ಲಿ ನಡೆಯುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳು ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಕೆನೆಪದರರಹಿತ ಪ್ರಮಾಣಪತ್ರ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ತಹಶೀಲ್ದಾರರಿಂದ ಆ ನಮೂನೆಯಲ್ಲೇ ಬರಬೇಕು, ಆ ಹಣಕಾಸು ವರ್ಷದ್ದೇ ಆಗಿರಬೇಕು. ಏಪ್ರಿಲ್ ಮೊದಲ ವಾರ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೆ ಪ್ರವೇಶದ ಹೊತ್ತಿಗೆ ಕೈಯಲ್ಲಿರುತ್ತದೆ. ಪ್ರವೇಶಕ್ಕೆ ಕೇಂದ್ರೀಯ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕ ನೋಡುತ್ತವೆ. ಪರೀಕ್ಷೆ ಮಾರ್ಚ್ ಸುಮಾರಿಗೆ, ಅರ್ಜಿ ಅದಕ್ಕೂ ತಿಂಗಳುಗಳ ಮುಂಚೆ. ಬರೋಡಾ ರಾಜ್ಯ ವಿಶ್ವವಿದ್ಯಾಲಯ, ಅದರ ಪ್ರವೇಶದ ದಾರಿಯೇ ಬೇರೆ. ಅದಕ್ಕೆ ಹಾಕುವಾಗ ಹೊರರಾಜ್ಯದವರ ಶುಲ್ಕದ ಸಾಲನ್ನು ಬೇರೆಯಾಗಿ ಓದಿ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಪಡೆಯುವವರು ಅದೇ ಅವಧಿಗೆ ಬೇರೆ ವಿದ್ಯಾರ್ಥಿವೇತನ ಇಟ್ಟುಕೊಳ್ಳುವಂತಿಲ್ಲ. ಎಲ್ಲದಕ್ಕೂ ಅರ್ಜಿ ಹಾಕಿ, ಎರಡು ಮಂಜೂರಾದರೆ ಒಂದನ್ನು ಬರವಣಿಗೆಯಲ್ಲಿ ಬಿಟ್ಟುಕೊಡಿ. ಮುಚ್ಚಿಟ್ಟು ಎರಡೂ ಪಡೆದರೆ ವಸೂಲಿ ನೋಟಿಸ್ ಬರುತ್ತದೆ, ಅದೂ ದುಡ್ಡು ಖರ್ಚಾದ ಮೇಲೆ.

ಇಂಕು_ರೋಲರ್:

ಸಾಮಗ್ರಿಯ ಲೆಕ್ಕಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್‌ನಿಂದ ಕೊರೆದು ಅಚ್ಚೊತ್ತುವುದು) ಮಾಡುವವರು ಅರ್ಜಿಯಲ್ಲಿ ‘ಸಾಮಗ್ರಿ: 20,000’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ದುಡ್ಡು ಕೊಡುವವರಿಗೆ ಅದು ಊಹೆಯಂತೆ ಕಾಣುತ್ತದೆ, ನಿಜಕ್ಕೂ ಊಹೆಯೇ.

ಕೆಲಸದಿಂದ ಲೆಕ್ಕ ಶುರು ಮಾಡಿ. ತಿಂಗಳಿಗೆ ಎರಡು ಜಿಂಕ್ ಪ್ಲೇಟ್, ವರ್ಷಕ್ಕೆ 10 ತಿಂಗಳು ಎಂದರೆ 20 ಪ್ಲೇಟ್. ಪ್ರತಿಯೊಂದಕ್ಕೂ 5ರ ಎಡಿಷನ್, ಅಂದರೆ ಒಂದೇ ಪ್ಲೇಟಿನಿಂದ 5 ಪ್ರತಿ ಎಂದರೆ 100 ಹಾಳೆ. ಪ್ರೂಫ್‌ಗೆ (ಪರೀಕ್ಷೆಗೆ ಒತ್ತುವ ಪ್ರತಿ), ಕೆಟ್ಟುಹೋಗುವುದಕ್ಕೆ ಶೇ 30 ಸೇರಿಸಿದರೆ 130 ಹಾಳೆ. ಪ್ಲೇಟ್ 10 ಇಂಚಿಗೆ 12 ಇಂಚಾದರೆ, ಸುತ್ತ ಮಾರ್ಜಿನ್ ಬಿಟ್ಟು 22ಕ್ಕೆ 30 ಇಂಚಿನ ಒಂದು ಪೂರ್ಣ ಹಾಳೆಯಲ್ಲಿ ಎರಡು ಪ್ರಿಂಟ್ ಬರುತ್ತದೆ. ಅಂದರೆ 65 ಪೂರ್ಣ ಹಾಳೆ. ಈಗ ಅಂಗಡಿಯ ಕೊಟೇಶನ್ ತರಿಸಿ ಅದರಿಂದ ಗುಣಿಸಿ. ಮೊದಲ ಪ್ರೂಫ್‌ಗಳಿಗೆ ಅಗ್ಗದ ದೇಶಿ ಹಾಳೆ ಸಾಕು, ಎಡಿಷನ್‌ಗೆ ಮಾತ್ರ ವಿದೇಶಿ ಹತ್ತಿ ಕಾಗದ. ಅಷ್ಟರಲ್ಲೇ ಪೇಪರಿನ ಮೊತ್ತ ಗಣನೀಯವಾಗಿ ಇಳಿಯುತ್ತದೆ. ಇದಕ್ಕೆ ಶಾಯಿ, ಗ್ರೌಂಡ್ (ಪ್ಲೇಟನ್ನು ಆಸಿಡ್‌ನಿಂದ ಕಾಯುವ ಲೇಪ), ಅಕ್ವಾಟಿಂಟ್‌ಗೆ (ಪ್ಲೇಟಿನಲ್ಲಿ ಛಾಯೆ ತರುವ ವಿಧಾನ) ರಾಳದ ಪುಡಿ, ಒರೆಸುವ ಬಟ್ಟೆ, ಸೀಮೆಎಣ್ಣೆ, ಕೈಗವಸು ಸೇರಿಸಿ. ಪ್ರೆಸ್ಸಿನ ಫೆಲ್ಟ್, ಆಸಿಡ್ ವಿಭಾಗ ಕೊಡುತ್ತದೆಯೇ ಎಂದು ಪ್ರವೇಶಕ್ಕೆ ಮುಂಚೆಯೇ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ. ಇದೊಂದರ ಮೇಲೆ ಎರಡು ಕಾಲೇಜಿನ ನಿಜವಾದ ಖರ್ಚು ಅದಲುಬದಲಾಗುತ್ತದೆ.

ಫೋಟೋ ಬಗ್ಗೆಯೂ ಹೇಳಬೇಕು. ಎಚಿಂಗ್‌ನ ಜೀವ ಇರುವುದು ಪ್ಲೇಟ್ ಒತ್ತಿದ ಗುರುತಿನಲ್ಲಿ, ಉಬ್ಬಿದ ಗೆರೆಯಲ್ಲಿ. ಎರಡೂ ಕಡೆ 45 ಡಿಗ್ರಿಯಲ್ಲಿ ದೀಪ ಇಟ್ಟು ತೆಗೆದರೆ ಬಣ್ಣ ಸಮನಾಗಿ ಬರುತ್ತದೆ, ಆದರೆ ಆ ಉಬ್ಬು ಅಳಿಸಿಹೋಗಿ ಜೆರಾಕ್ಸ್‌ನಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಕೃತಿಗೂ ಎರಡು ಚಿತ್ರ ಬೇಕು. ಒಂದು ಸಮ ಬೆಳಕಿನಲ್ಲಿ, ಹಾಳೆಯ ನಾಲ್ಕೂ ಅಂಚು ಕಾಣುವಂತೆ. ಇನ್ನೊಂದು ಸಣ್ಣ ಭಾಗದ್ದು, ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಕಾಗದದ ಮೇಲೆ ಸವರಿಕೊಂಡು ಹೋಗುವಂತೆ. ಗಾಜಿನ ಫ್ರೇಮ್ ಬಿಚ್ಚಿ ತೆಗೆಯಿರಿ. ಅಂಚನ್ನು ಕತ್ತರಿಸಬೇಡಿ, ಪೆನ್ಸಿಲಿನಲ್ಲಿ ಬರೆದ ಎಡಿಷನ್ ಸಂಖ್ಯೆ, ಸಹಿ ಕಾಣಬೇಕು. ಶೀರ್ಷಿಕೆಯ ಕೆಳಗೆ ಮಾಧ್ಯಮ, ಪ್ಲೇಟಿನ ಅಳತೆ, ಹಾಳೆಯ ಅಳತೆ, ವರ್ಷ.

ಕಲೆಗೆ ಅನುದಾನ ಕೊಡುವ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಹೆಸರನ್ನು ಯಾರಾದರೂ ಹೇಳುತ್ತಾರೆ, ಅದಕ್ಕೇ ಮುಂಚೆ ತಿಳಿಸುತ್ತಿದ್ದೇನೆ: ಅವರು ಕೊಡುವುದು ಯೋಜನೆಗೆ, ಕಾಲೇಜಿನ ಫೀಗೆ ಅಲ್ಲ. ಎಂವಿಎ ನಂತರ ಒಂದು ಕೆಲಸ ಕೈಗೆತ್ತಿಕೊಂಡಾಗ ಹೋಗಿ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು.

ಲೈಪ್‌ಜಿಗ್_ಕನ್ನಡ:

ಜರ್ಮನಿಯ ಮಾತು ಅರ್ಧ ನಿಜ. ಹೆಚ್ಚಿನ ಸರ್ಕಾರಿ ಕಲಾಶಾಲೆಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಆದರೆ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ ಆ ರಾಜ್ಯದಲ್ಲಿವೆ. ಫೀಗಿಂತ ದೊಡ್ಡ ಗೋಡೆ ವೀಸಾ: ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆ) ಒಂದು ವರ್ಷದ ಖರ್ಚೆಂದು 11,904 ಯೂರೋ ತೋರಿಸಬೇಕು. ತಿಂಗಳಿಗೆ 992ರಂತೆ ಅದು ನಿಮ್ಮದೇ ದುಡ್ಡು, ನಿಮಗೇ ವಾಪಸ್ ಬರುತ್ತದೆ, ಆದರೆ ಮೊದಲು ಇಡಬೇಕು.

ಈ ಗೋಡೆ ದಾಟಿಸುವುದು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್ (ಡಿಎಎಡಿ)‌ನ ಕಲಾವಿದರ ಸ್ಕಾಲರ್‌ಶಿಪ್. ಇತರ ವಿಷಯಗಳದ್ದಕ್ಕಿಂತ ಇದು ಬೇರೆ. ಲಲಿತಕಲೆ-ವಿನ್ಯಾಸ-ಚಲನಚಿತ್ರಕ್ಕೆ ಒಂದು, ಸಂಗೀತಕ್ಕೆ ಒಂದು, ರಂಗ-ನೃತ್ಯಕ್ಕೆ ಒಂದು. ತಿಂಗಳಿಗೆ 992 ಯೂರೋ, ವಿಮೆ, ಪ್ರಯಾಣದ ನೆರವು. ಆ ಮಂಜೂರಾತಿ ಪತ್ರ ಇದ್ದರೆ ಬ್ಲಾಕ್ಡ್ ಅಕೌಂಟ್ ಬೇಡ. ಕೊನೆಯ ಪದವಿ ಮುಗಿದು 6 ವರ್ಷ ಮೀರಿರಬಾರದು. ಪದವಿ ಮುಗಿಸಿ ‘ಆಮೇಲೆ ನೋಡೋಣ’ ಎಂದು ಕಾಯುವವರು ಈ ಗಡುವನ್ನು ಮರೆಯುತ್ತಾರೆ. ಡಾಡ್‌ಗೆ ಅರ್ಜಿ ಹಾಕುವ ಹೊತ್ತಿಗೆ ಪ್ರವೇಶ ಪತ್ರ ಕೈಯಲ್ಲಿರಲೇಬೇಕೆಂದಿಲ್ಲ, ಮುಂದೆ ಕೊಡಬಹುದು. ಆದರೆ ಕಲಾಶಾಲೆಯ ಪ್ರಾಧ್ಯಾಪಕರೊಬ್ಬರಿಗೆ ನಿಮ್ಮ ಕೃತಿಗಳನ್ನು ಕಳಿಸಿ ಮಾತಾಡಿದ್ದರೆ ಅರ್ಜಿಗೆ ತೂಕ ಬರುತ್ತದೆ. ಅಲ್ಲಿ ಪ್ರವೇಶ ಎಂದರೆ ಒಬ್ಬ ಪ್ರಾಧ್ಯಾಪಕರ ತರಗತಿಗೆ ಸೇರುವುದು ಎಂದೇ ಎಷ್ಟೋ ಕಡೆ ಅರ್ಥ. ಹೆಚ್ಚಿನ ಕಲಾಶಾಲೆಗಳು ಜರ್ಮನ್ ಭಾಷೆ ಕೇಳುತ್ತವೆ, ಅದಕ್ಕೆ ಒಂದು ವರ್ಷ ಬೇಕೆಂದು ಇಟ್ಟುಕೊಳ್ಳಿ.

ಉಳಿದವುಗಳ ಬಗ್ಗೆ ಚಿಕ್ಕದಾಗಿ. ಚೀವ್‌ನಿಂಗ್ ಸ್ಕಾಲರ್‌ಶಿಪ್ ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್‌ಗೆ ಪೂರ್ತಿ ಖರ್ಚು ಕೊಡುತ್ತದೆ, ಯಾವ ವಿಷಯವಾದರೂ ಸರಿ. ಆದರೆ ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಬೇಕು. ಅಮೆರಿಕಕ್ಕೆ ಹೋಗಲು ಇರುವ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್‌ಗೆ ಮೂರು ವರ್ಷದ ಅನುಭವ. ಅಲ್ಲಿ ಕಲೆ ಎಂದರೆ ಕಲಾ ಆಡಳಿತ, ಪರಂಪರೆ ಸಂರಕ್ಷಣೆ, ಮ್ಯೂಸಿಯಂ ಅಧ್ಯಯನ. ಸ್ಟುಡಿಯೋ ಎಂಎಫ್‌ಎ ಬರುವುದಿಲ್ಲ. ಇದು ತಿಳಿಯದೆ ಪ್ರತಿ ವರ್ಷ ಚಿತ್ರಕಾರರು ಅರ್ಜಿ ತುಂಬುತ್ತಾರೆ. ಇನ್‌ಲ್ಯಾಕ್ಸ್ ಪ್ರತಿಷ್ಠಾನದ ಸ್ಕಾಲರ್‌ಶಿಪ್ 30 ವರ್ಷದೊಳಗಿನವರಿಗೆ, ಮೊತ್ತ 1 ಲಕ್ಷ ಡಾಲರ್‌ವರೆಗೆ, ಆದರೆ ಅದಕ್ಕೆ ಪ್ರವೇಶ ಪತ್ರ ಮೊದಲು. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಕೋರ್ಸ್‌ಗಳಲ್ಲಿ ಸ್ಕಾಲರ್‌ಶಿಪ್ ಸಿಕ್ಕರೆ ಫೀ ಇಲ್ಲ, ತಿಂಗಳಿಗೆ 1,400 ಯೂರೋ, ಅನುಭವದ ಷರತ್ತೂ ಇಲ್ಲ. ನೃತ್ಯಕ್ಕೆ ಕೊರಿಯೋಮುಂಡಸ್, ಸಾಕ್ಷ್ಯಚಿತ್ರಕ್ಕೆ ಡಾಕ್‌ನೊಮ್ಯಾಡ್ಸ್, ಆ್ಯನಿಮೇಶನ್‌ಗೆ ರಿಅನಿಮಾ ಇವೆ. ಇವು ಯಾವುದೂ ಪ್ರಿಂಟ್‌ಮೇಕಿಂಗ್ ಕೋರ್ಸ್ ಅಲ್ಲ, ಹಾಗಾಗಿ ದುಡ್ಡಿಗಾಗಿ ಮಾಧ್ಯಮ ಬದಲಿಸಬೇಡಿ. ಎರಡು ವರ್ಷದ ಪೋರ್ಟ್‌ಫೋಲಿಯೋ ಅದನ್ನು ಬಯಲು ಮಾಡುತ್ತದೆ.

ಖಾತೆ_ಪುಸ್ತಕ:

ಸಾಲದ ವಿಷಯ. ‘ಎಂವಿಎಗೆ ಕೊಡುವುದಿಲ್ಲ’ ಎಂದು ಶಾಖೆಯಲ್ಲಿ ಬಾಯಿಮಾತಲ್ಲಿ ಹೇಳಿದರೆ ಅಲ್ಲಿಗೇ ಎದ್ದು ಬರಬೇಡಿ. ಬ್ಯಾಂಕುಗಳ ಒಕ್ಕೂಟದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಸೇರಿದೆ. 4 ಲಕ್ಷದವರೆಗೆ ಅಡಮಾನ ಇಲ್ಲ, ನೀವು ಕೈಯಿಂದ ಹಾಕುವ ಪಾಲೂ ಇಲ್ಲ, ತಂದೆ ಅಥವಾ ತಾಯಿ ಜತೆ ಸಾಲಗಾರರಾಗಿ ಸಹಿ ಹಾಕಬೇಕು. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕವೇ ಅರ್ಜಿ ಹಾಕಿ, ಆಗ ನಿರಾಕರಣೆಗೂ ದಾಖಲೆ ಇರುತ್ತದೆ.

2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಇದಕ್ಕಿಂತ ಚೆನ್ನಾಗಿದೆ. ಕೇಂದ್ರ ಕೊಡುವ ಎನ್‌ಐಆರ್‌ಎಫ್ ಶ್ರೇಣಿಯ ಆಧಾರದಲ್ಲಿ ಆಯ್ದ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ 860 ಸಂಸ್ಥೆ. ಅಡಮಾನವೂ ಇಲ್ಲ, ಜಾಮೀನುದಾರರೂ ಬೇಡ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ನಿಮ್ಮ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಿ.

ಸಹಿ ಹಾಕುವ ಮುಂಚೆ ಈ ಲೆಕ್ಕ ನೋಡಿ. ವರ್ಷಕ್ಕೆ 1.5 ಲಕ್ಷದಂತೆ ಎರಡು ಕಂತು, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಓದುವ ಎರಡು ವರ್ಷ, ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ: ಸರಳ ಬಡ್ಡಿಯಲ್ಲಿ 75,000. ಆ 3.75 ಲಕ್ಷವನ್ನು 7 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,200. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದಿದ್ದರೆ ತಿಂಗಳಿಗೆ ಸುಮಾರು 5,000. ಕಲಾವಿದರ ಮೊದಲ ವರ್ಷಗಳಲ್ಲಿ ಆದಾಯ ತಿಂಗಳು ತಿಂಗಳು ಬರುವುದಿಲ್ಲ, ಕಂತು ಮಾತ್ರ ತಪ್ಪದೆ ಬರುತ್ತದೆ. ಅದಕ್ಕೇ ನನ್ನ ಸಲಹೆ: ಸಾಲ ಮಂಜೂರು ಮಾಡಿಸಿ, ಮೊದಲ ಕಂತು ಮಾತ್ರ ಎತ್ತಿ, ಅದನ್ನು ಮೇಲೆ ಹೇಳಿದ ಆ ಆರು ತಿಂಗಳ ಅಂತರ ತುಂಬಲು ಬಳಸಿ. ವಿದ್ಯಾರ್ಥಿವೇತನ ಬಂದ ದಿನ ಅದರಿಂದ ಅಸಲು ಕಟ್ಟಿ. ಬೇಡವಾದರೆ ಎರಡನೇ ಕಂತು ಎತ್ತಲೇಬೇಡಿ.

ದಾವಣಗೆರೆ_ಗ್ರಾಫಿಕ್ಸ್:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ತುಂಬಾ ಧನ್ಯವಾದ. ಕಲಾಶಾಲೆ_ಕಚೇರಿ ಅವರೇ, ಒಂದು ಸಂದೇಹ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ತೊಂದರೆಯಾಗುತ್ತದೆಯೇ? ಬರೋಡಾಕ್ಕೆ ಹೋದರೆ ಅಲ್ಲೊಂದು ಖಾತೆ ತೆರೆಯಬೇಕಾಗಬಹುದು, ಅದಕ್ಕೂ ಏನಾದರೂ ನೋಡಿಕೊಳ್ಳಬೇಕೇ?

ಕಲಾಶಾಲೆ_ಕಚೇರಿ:

ಆಗುತ್ತದೆ. ಆಧಾರ್, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ನಾಲ್ಕರಲ್ಲೂ ಒಂದೇ ಹೆಸರಿರಲಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ, ಆಧಾರ್ ತಿದ್ದಿಸುವುದು ಸುಲಭ. ಆಧಾರನ್ನೇ ಅಂಕಪಟ್ಟಿಗೆ ಹೊಂದಿಸಿ. ಅದು ಬದಲಾದ ಮೇಲೆಯೇ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಹಿಂದುಮುಂದಾದರೆ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಹಳೆಯ ಹೆಸರಿಗೇ ಅಂಟಿಕೊಂಡಿರುತ್ತದೆ.

ಖಾತೆಯ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಆಧಾರ್ ಮೂಲಕ ಬರುವ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಬ್ಯಾಂಕ್ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಬರೋಡಾದಲ್ಲಿ ಖಾತೆ ತೆರೆಯುವಾಗ ‘ಸರ್ಕಾರದ ಸಬ್ಸಿಡಿ ಈ ಖಾತೆಗೆ ಬರಲಿ’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ದಾವಣಗೆರೆಯ ಖಾತೆಯ ಜೋಡಣೆ ತಪ್ಪಿಹೋಗುತ್ತದೆ. ಯಾವುದಾದರೂ ಒಂದೇ ಖಾತೆ ಇಟ್ಟುಕೊಳ್ಳಿ, ಎರಡು ವರ್ಷ ಅದನ್ನು ಬದಲಿಸಬೇಡಿ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬಲ್ಲಿ ಬ್ಯಾಂಕಿನ ಹೆಸರು, ‘ಆ್ಯಕ್ಟಿವ್’ ಎಂಬ ಪದ ಎರಡೂ ಕಾಣಬೇಕು. ಅರ್ಜಿ ಹಾಕುವ ದಿನ ಒಮ್ಮೆ, ದುಡ್ಡು ಬಿಡುಗಡೆಯಾಗುವ ಹೊತ್ತಿಗೆ ಇನ್ನೊಮ್ಮೆ ನೋಡಿ.